ಬಾಗಿಲಿಲ್ಲದ ಚಾವಿ

ಕಳೆದ ಭಾನುವಾರ ನಮ್ಮ ಕೇರಿಯ ಚಾವಿಗೊಂಚಲಿನ ದಾರ ಬದಲಿಸಲು ಕೂತಿದ್ದೆ. ಬಲೆ ಹೆಣೆಯುವ ನೈಲಾನ್ ದಾರ ಅದು. ಒಣಮೀನಿನ ವಾಸನೆ ಹೀರಿ ಹೀರಿ ಕಪ್ಪಾಗಿ, ಅಲ್ಲಲ್ಲಿ ಎಳೆ ಬಿಟ್ಟಿತ್ತು. ಒಂದೊಂದೇ ಚಾವಿ ಬಿಚ್ಚಿ, ಯಾರ ಮನೆಯದೆಂದು ಕೇಳಿ, ಹೊಸ ದಾರಕ್ಕೆ ಪೋಣಿಸುತ್ತಾ ಹೋದೆ. ಕೊನೆಗೆ ಒಂದು ಉಳಿಯಿತು. ಗಿಡ್ಡ ಹಿತ್ತಾಳೆ ಚಾವಿ, ತಲೆಯ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ. ಪಕ್ಕದಲ್ಲಿ ಕೂತಿದ್ದ ಕೇರಿಯ ಹೊಸ ಸೊಸೆ, "ಇದು ಯಾರ ಮನೇದು?" ಎಂದಳು.

ಅದು ಪೊಲೀಸಕ್ಕನದು.

ಹೊನ್ನಾವರದಲ್ಲಿ ಹೊಳೆ ಸಮುದ್ರ ಸೇರುವ ಕಡೆ ನಮ್ಮ ಕೇರಿ. ಗಂಡಸರು ದೋಣಿಗೆ ಹೋದರೆ, ಹೆಂಗಸರು ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸಿ ಕೆಲವರು ಕುಮಟಾಕ್ಕೆ, ಕೆಲವರು ಭಟ್ಕಳಕ್ಕೆ ಹೋಗುತ್ತಿದ್ದರು. ಮನೆಗಳಿಗೆಲ್ಲ ಬೀಗ. ಉಳಿಯುವವಳು ಒಬ್ಬಳೇ, ಅಂದಿನ ಕಾಗೆ ಕಾಯುವವಳು. ಮರಳಿನ ಮೇಲೆ ಎಲ್ಲರ ತಾರ್ಲೆ ಮೀನು, ಸಿಗಡಿ ಒಟ್ಟಿಗೇ ಒಣಗುತ್ತಿದ್ದವು. ಪಾಳಿಯ ಮೇಲೆ ಒಬ್ಬೊಬ್ಬರು ಕೋಲು ಹಿಡಿದು, ತಗಡಿನ ಡಬ್ಬ ಬಡಿದು ಕಾಗೆ ಓಡಿಸಬೇಕು. ಅಜ್ಜಿಯರ ಕಾಲದಿಂದ ಬಂದ ಕ್ರಮ ಇದು. ಮೀನಿಗೆ ಇಷ್ಟು ಕಾವಲು ಇಟ್ಟ ನಾವು ಮನೆಗೆ ಮಾತ್ರ ಇಟ್ಟಿರಲಿಲ್ಲ.

ನನ್ನ ಮದುವೆ ಗೊತ್ತಾಗಿದ್ದ ವರ್ಷ. ಅಮ್ಮ ಬುಟ್ಟಿ ಹೊತ್ತು ಹೊತ್ತು ಮಾಡಿಸಿಟ್ಟ ಬಳೆ, ಸರ, ಎಲ್ಲ ಒಂದು ಬೆಳಗ್ಗೆ ಹೋಯಿತು. ಬೀಗ ಒಡೆದಿರಲಿಲ್ಲ. ಚಾವಿ ಹಾಕಿ ತೆಗೆದು, ಒಳಹೊಕ್ಕು, ಮತ್ತೆ ಬೀಗ ಹಾಕಿ ಹೋಗಿದ್ದರು. ನಮ್ಮ ಚಾವಿ ಇರುತ್ತಿದ್ದದ್ದು ಜಗಲಿಯಲ್ಲಿ ಮಗುಚಿಟ್ಟ ಹಳೆಯ ಬುಟ್ಟಿಯ ಕೆಳಗೆ. ಅದು ಆಚೆಮನೆಯ ಚಿಕ್ಕಮ್ಮನಿಗೆ ಗೊತ್ತಿತ್ತು. ರಕ್ತಸಂಬಂಧವಲ್ಲ, ಕರೆದು ರೂಢಿ, ಅಷ್ಟೆ. ಬೇಲಿಯ ಜಗಳದಲ್ಲಿ ಅಮ್ಮನಿಗೂ ಅವಳಿಗೂ ಮಾತು ಬಿಟ್ಟು ಹೋಗಿತ್ತು. ಇಷ್ಟು ಸಾಕಾಯಿತು. "ಅವಳಿಗೆ ಬಿಟ್ರೆ ಆ ಜಾಗ ಯಾರಿಗೆ ಗೊತ್ತಿತ್ತು?" ಎಂದು ಅಮ್ಮ ಕೇರಿಯ ನಡುವೆ ನಿಂತು ಕೇಳಿದಳು. ಮರುದಿನವೇ ಹಿರಿಯರು ಚಿಕ್ಕಮ್ಮ ಮರಳಿನ ಮೇಲೆ ಮೀನು ಹರಡಕೂಡದು ಎಂದರು. ಗಂಡನಿಲ್ಲದ ಹೆಂಗಸು, ಒಣಮೀನೇ ಅವಳ ಅನ್ನ. ಮನೆಯ ಮಾಡಿನ ಮೇಲೆ ಹರಡಿಕೊಂಡಳು. ಅರ್ಧ ಕಾಗೆ ತಿಂದವು, ಅರ್ಧ ಹುಳ ಬಿದ್ದು ಹೋಯಿತು.

ಆಗ ನಮ್ಮ ಬೀಟಿಗೆ ಬಂದವಳು ಪೊಲೀಸಕ್ಕ. ಬಯಲುಸೀಮೆಯವಳು, ಕಪ್ಪಗೆ ಎತ್ತರದ ಹೆಂಗಸು. ಮೀನು ಮುಟ್ಟಿದವಳಲ್ಲ. ಮೊದಲ ದಿನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಂದದ್ದನ್ನು ನೋಡಿ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. "ನಿಮ್ಮ ಮೀನಿಗೆ ಕಾವಲು ಯಾಕ್ರೀ ಬೇಕು, ವಾಸನೀಗೆ ಕಳ್ಳರು ಓಡಿಹೋಗ್ತಾರ" ಎಂದು ಅವಳೂ ನಕ್ಕಿದ್ದಳು. ಕೇರಿಯ ತುದಿಯಲ್ಲೇ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು.

ಹಿರಿಯರು ಅವಳಿಗೂ ಚಿಕ್ಕಮ್ಮನ ಹೆಸರು ಹೇಳಿದರು. ಸ್ಟೇಶನ್ನಿಗೆ ಕರೆದೊಯ್ದು ನಾಲ್ಕು ಬಿಟ್ಟರೆ ತಾನೇ ಬಾಯಿ ಬಿಡುತ್ತಾಳೆ ಎಂದರು. ಪೊಲೀಸಕ್ಕ ಒಂದು ದಿನದ ಪುರಸತ್ತು ಕೇಳಿದಳು.

ಮರುದಿನ ಸಂಜೆ ಎಲ್ಲರೂ ಮೀನು ಒಟ್ಟುಮಾಡಲು ಮರಳಿಗೆ ಬಂದಾಗ ಅವಳೂ ಬಂದಳು. ಜೊತೆಗೆ ಅಂದು ಕಾಗೆ ಕಾಯುತ್ತಿದ್ದ ಅಜ್ಜಿ. ಅಜ್ಜಿಯ ಮುಖ ಸಣ್ಣಗಾಗಿತ್ತು. ಪೊಲೀಸಕ್ಕ ಸೆರಗಿನ ಗಂಟು ಬಿಚ್ಚಿ ನಮ್ಮೆದುರು ಸುರಿದಳು... ಚಾವಿಗಳು. ಒಂದು ರಾಶಿ ಚಾವಿಗಳು. ನಮ್ಮದು, ಹಿರಿಯರದು, ಇಡೀ ಕೇರಿಯದು.

"ಅಜ್ಜೀನ ಸಾಕ್ಷಿಗೆ ಕರ್ಕೊಂಡು ಹೋಗಿದ್ದೆ. ಯಾರ ಮನಿ ಒಳಗೂ ಕಾಲಿಟ್ಟಿಲ್ಲ. ನಾನು ಈ ಊರಿಗೆ ಹೊಸಬಳು. ನನಗ ಯಾರೂ ಜಾಗ ಹೇಳಿಲ್ಲ. ಆದ್ರ ಮಧ್ಯಾಹ್ನದೊಳಗ ಎಲ್ಲಾ ಸಿಕ್ಕಾವ."

ತುಳಸಿಕಟ್ಟೆಯ ದೀಪದ ಗೂಡು, ಬಚ್ಚಲಿನ ಹಂಚಿನ ಸಂದಿ, ಹಳೆ ಚಪ್ಪಲಿಯ ಒಳಗೆ, ಮಗುಚಿಟ್ಟ ಬುಟ್ಟಿ. ಅದರಲ್ಲೂ ಮಗುಚಿಟ್ಟ ಬುಟ್ಟಿಯೇ ಹೆಚ್ಚು. ಪ್ರತಿ ಮನೆಯವರೂ ತಮ್ಮ ಜಾಗ ದೇವರಿಗೂ ಗೊತ್ತಿಲ್ಲ ಎಂದುಕೊಂಡಿದ್ದರು. ನನಗೆ ನಗು ಬಂತು. ಹಿಂದೆಯೇ ಚಿಕ್ಕಮ್ಮನ ನೆನಪಾಗಿ ನಗು ಅಲ್ಲೇ ಸತ್ತಿತು. ದೂರದಲ್ಲಿ ತನ್ನ ಬೇಲಿಯ ಹತ್ತಿರ ನಿಂತು ಅವಳು ನೋಡುತ್ತಿದ್ದಳು.

ಹಿರಿಯರಿಗೆ ಸಿಟ್ಟು ನೆತ್ತಿಗೇರಿತು. "ನಮ್ಮನೆ ಚಾವಿ ಮುಟ್ಟೂಕೆ ನೀವು ಯಾರು?" ಎಂದು ಜೋರು ಮಾಡಿದರು. ಪೊಲೀಸಕ್ಕ ಹಿಂಜರಿಯಲಿಲ್ಲ. ನಾಳೆಯಿಂದ ಬೀಗ ಹಾಕಿ ಹೋಗುವವರೆಲ್ಲ ಕಾಗೆ ಕಾಯುವವಳ ಕೈಗೇ ಚಾವಿ ಕೊಟ್ಟು ಹೋಗಿ. ಕೇರಿಗೆ ಯಾರು ಬಂದರೂ ಅವಳ ಕಣ್ಣು ತಪ್ಪಿಸಿ ಬರಲಾರರು ಎಂದಳು. ಕಳ್ಳ ಸಿಕ್ಕರೆ ಸುತ್ತುವರಿದು ನಿಲ್ಲಿ, ನನಗೆ ಹೇಳಿಕಳಿಸಿ, ಹೊಡೆಯುವುದು ಮಾತ್ರ ಬೇಡ ಎಂದೂ ಹೇಳಿದಳು. ಗುಂಪಿನಿಂದ ಯಾರೋ, "ಹೇಳೂದು ಸುಲಭ. ನಿಮ್ಮನೆ ಚಾವಿ ನಮ್ಮ ಕೈಗೆ ಕೊಡ್ತ್ರಾ?" ಎಂದರು.

ಅವಳು ಸೊಂಟದಿಂದ ಒಂದು ಚಾವಿ ತೆಗೆದು ರಾಶಿಯ ಮೇಲೆ ಹಾಕಿದಳು. ಕೆಂಪು ಚುಕ್ಕೆಯ ಹಿತ್ತಾಳೆ ಚಾವಿ. "ಇದು ನಂದು. ಹಿಡೀರಿ. ನಾಳೆ ಪಾಳಿ ಯಾರದು?"

ಎಲ್ಲರೂ ಚಿಕ್ಕಮ್ಮನ ಬೇಲಿಯ ಕಡೆ ತಿರುಗಿದರು. ಕ್ರಮದ ಪ್ರಕಾರ ನಾಳೆಯ ಪಾಳಿ ಚಿಕ್ಕಮ್ಮನದು.

ಆ ರಾತ್ರಿ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಬೆಳಗ್ಗೆ ಬುಟ್ಟಿ ತಲೆಗೇರಿಸಿಕೊಂಡು, ಬೀಗ ಹಾಕಿ, ಚಾವಿ ಮುಷ್ಟಿಯಲ್ಲಿ ಹಿಡಿದು ಅಂಗಳದಲ್ಲೇ ನಿಂತಳು. ಬಸ್ಸು ತಪ್ಪುತ್ತದೆ ಎಂದು ನಾನು ಗಡಬಡಿಸಿದೆ. ಮರಳಿನ ಮೇಲೆ ಚಿಕ್ಕಮ್ಮ ಕೋಲು ಹಿಡಿದು ಕೂತಿದ್ದಳು, ಪಕ್ಕದಲ್ಲಿ ಎಷ್ಟೋ ದಿನಗಳ ನಂತರ ಹರಡಿದ ಅವಳ ಮೀನು. ಹೆಂಗಸರೆಲ್ಲ ಅಮ್ಮನ ಮುಖ ನೋಡುತ್ತಿದ್ದರು. ಅವಳು ಕೊಟ್ಟರೆ ಎಲ್ಲರೂ ಕೊಡುವವರೇ. ಅಮ್ಮ ನೆಟ್ಟಗೆ ಹೋಗಿ ಚಾವಿ ಅವಳ ಮಡಿಲಿಗೆ ಹಾಕಿದಳು. "ನೋಡ್ಕ" ಎಂದಳು. "ಆತು" ಎಂದಳು ಚಿಕ್ಕಮ್ಮ. ಅವರಿಬ್ಬರ ರಾಜಿ ಅಷ್ಟೇ.

ಚಾವಿಗಳೆಲ್ಲ ಒಂದು ದಾರಕ್ಕೆ ಸೇರಿ, ಗೊಂಚಲಾಗಿ ಪಾಳಿಯಿಂದ ಪಾಳಿಗೆ ಕೈ ಬದಲಿಸತೊಡಗಿದವು. ಆ ಮಳೆಗಾಲ ಮುಗಿದ ಮೇಲೆ ಬೈಕಿನಲ್ಲಿ ಇಬ್ಬರು ಬಂದರು, ಗ್ಯಾಸ್ ಒಲೆ ರಿಪೇರಿ ಎಂದು ಕೂಗುತ್ತಾ. ಬೀಗ ಹಾಕಿದ ಮನೆಗಳ ಮುಂದೆ ಕೂಗು ನಿಂತಿತು. ಅಂದೂ ಚಿಕ್ಕಮ್ಮನದೇ ಪಾಳಿ. ಅವರು ಜಗಲಿಯ ಬುಟ್ಟಿ ಎತ್ತಿ ನೋಡುವುದನ್ನು ಕಂಡದ್ದೇ ಅವಳು ಡಬ್ಬ ಬಡಿಯತೊಡಗಿದಳು, ಕಾಗೆಗೆ ಬಡಿಯುವ ಹಾಗಲ್ಲ, ನಿಲ್ಲಿಸದೆ. ಅಂದು ಪೇಟೆಗೆ ರಜೆ, ಮನೆಗೆ ಬೀಗ ಹಾಕಿ ಹೆಂಗಸರೆಲ್ಲ ದಡದ ಕೆಲಸದಲ್ಲಿದ್ದರು, ಅಮ್ಮನೂ ಇದ್ದಳು. ಹೆಂಗಸರು ನಾಲ್ಕೂ ಕಡೆಯಿಂದ ಸುತ್ತುವರಿದರು. ಅಮ್ಮ ಕೋಲು ಎತ್ತಿದಳು. ಎತ್ತಿದ ಕೈಯನ್ನು ಹಿಡಿದವಳು ಚಿಕ್ಕಮ್ಮ. "ಹೊಡೂದು ಬ್ಯಾಡ ಅಂತ ಪೊಲೀಸಕ್ಕ ಹೇಳಿದ್ದು ಮರೆತ್ಯಾ?" ಎಂದಳು. ಪೊಲೀಸಕ್ಕನ ಸ್ಕೂಟರ್ ಬರುವ ತನಕ ನಾವು ಸುತ್ತ ನಿಂತೇ ಇದ್ದೆವು, ಅವರ ಮೈಗೆ ಒಂದು ಪೆಟ್ಟೂ ಬೀಳಲಿಲ್ಲ. ನಮ್ಮ ಬಂಗಾರ ಕದ್ದವರೂ ಅವರೇ ಎಂದು ತನಿಖೆಯಲ್ಲಿ ತಿಳಿಯಿತು. ಕೋರ್ಟಿನಿಂದ ಬಳೆ ತಿರುಗಿ ಬಂದವು. ಸರ ಕರಗಿ ಹೋಗಿತ್ತು. ಬಳೆ ಬರುವ ಹೊತ್ತಿಗೆ ನನ್ನ ಮದುವೆಯಾಗಿ ಇದೇ ಕೇರಿಯ ಆ ತುದಿಗೆ ಸೊಸೆಯಾಗಿದ್ದೆ. ಧಾರೆಯ ದಿನ ನನ್ನ ಕೊರಳಲ್ಲಿದ್ದದ್ದು ಚಿಕ್ಕಮ್ಮನ ಸರ.

ಪೊಲೀಸಕ್ಕನಿಗೆ ಭಟ್ಕಳಕ್ಕೆ ವರ್ಗವಾದಾಗ ಅವಳ ಚಾವಿ ತಿರುಗಿ ಕೊಡಲು ಹೋದೆವು. "ಇನ್ನೊಂದು ಐತಿ ನನ್ನ ಹತ್ರ. ಬೀಗ ಅಲ್ಲಿಗೇ ಒಯ್ತೀನಿ. ಇದು ನಿಮ್ಮ ಗೊಂಚಲದಾಗ ಇರ್ಲಿ" ಎಂದಳು. ಆಮೇಲೂ ಇಡಗುಂಜಿ ಜಾತ್ರೆಯ ಬಂದೋಬಸ್ತಿಗೆ ಬಂದರೆ ನಮ್ಮ ಕೇರಿಗೆ ಒಂದು ಸುತ್ತು ಹಾಕದೆ ಹೋಗುತ್ತಿರಲಿಲ್ಲ. ಮೂಗಿಗೆ ಕರವಸ್ತ್ರ ಕಟ್ಟುವುದನ್ನು ಯಾವಾಗ ಬಿಟ್ಟಳೋ... ನಮಗೆ ಗೊತ್ತೇ ಆಗಲಿಲ್ಲ. ಒಂದು ಸಲ ಹೊಟ್ಟೆನೋವು ಎಂದು ರಜೆ ಹಾಕಿ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಸುದ್ದಿ ನಮಗೆ ಮುಟ್ಟುವಾಗ ಎಲ್ಲ ಮುಗಿದು ತಿಂಗಳಾಗಿತ್ತು. ಕಡೆಯ ಸಲ ಮುಖ ನೋಡಲಾಗದ ಸಂಕಟ ಇನ್ನೂ ಹೋಗಿಲ್ಲ.

ಈಗ ಕೆಲವು ಮನೆಗಳಿಗೆ ಕ್ಯಾಮರಾ ಬಂದಿದೆ. ನಾನು ವಾರವಿಡೀ ಕುಮಟಾದ ಶಾಲೆಯಲ್ಲಿ ಪಾಠ ಮಾಡಿ ಭಾನುವಾರ ಪಾಳಿಗೆ ಕೂರುತ್ತೇನೆ. ಪಾಳಿ ನಿಂತಿಲ್ಲ. ನಿಲ್ಲಲು ನಾವು ಬಿಡುವುದೂ ಇಲ್ಲ.

"ಬಾಗಿಲೇ ಇಲ್ಲದ ಚಾವಿ ಇಟ್ಕಂಡು ಎಂತ ಮಾಡೂದು ಅಕ್ಕ?" ಎಂದಳು ಹೊಸ ಸೊಸೆ, ನಾನು ಕತೆ ಮುಗಿಸಿದ ಮೇಲೆ. ಪೋಣಿಸಿದ್ದನ್ನೆಲ್ಲ ಮತ್ತೆ ಬಿಚ್ಚಿ, ಕೆಂಪು ಚುಕ್ಕೆಯದನ್ನು ಮೊದಲು ಹಾಕಿ, ಅದರ ಮೇಲೆ ಉಳಿದವನ್ನು ಸೇರಿಸಿ ಗಂಟು ಬಿಗಿದೆ. ಗೊಂಚಲನ್ನು ಅವಳ ಮಡಿಲಿಗೆ ಹಾಕಿದೆ. ಮರುದಿನ ಅವಳ ಮೊದಲ ಪಾಳಿ.