ಬಲೀಂದ್ರ ತಂದ ಲಂಗ

ಬಿಜೂರಿನ ನನ್ನ ಸುಗುಣ ಚಿಕ್ಕಮ್ಮ ಪ್ರತಿ ದೀಪಾವಳಿಗೂ ಮಗಳು ಗುಲಾಬಿಗೆ ಒಂದು ಲಂಗ ಹೊಲಿದು ಅಕ್ಕಿ ಗೇರುವ ಗೆರಸಿಯಡಿ ಅಡಗಿಸಿಡುತ್ತಿದ್ದರು. ಹಬ್ಬದ ಮೊದಲ ಸಂಜೆ ಗದ್ದೆಯಲ್ಲಿ ದೀಪವಿಟ್ಟು, ವರ್ಷಕ್ಕೊಮ್ಮೆ ನಾಡು ನೋಡಲು ಬರುವ ಬಲೀಂದ್ರನನ್ನು ಕೂಗಿ ಬಂದ ಮೇಲೆ, ಅದನ್ನು ತಂದವನು ಅವನೇ ಎನ್ನುತ್ತಿದ್ದರು. 1962ರಲ್ಲಿ ಗುಲಾಬಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ವಾಮನನ ಕಥೆ ಕೇಳಿ ಬಂದಿದ್ದಳು.

“ಅಮ್ಮ, ಮೂರು ಹೆಜ್ಜೆಗೆ ಎಲ್ಲ ಕೊಟ್ಟವನಿಗೆ ಲಂಗ ಎಲ್ಲಿಂದ ಬಂತ್?”

ಚಿಕ್ಕಮ್ಮನ ಕೈ ಗೆರಸಿಯ ಮೇಲೆಯೇ ನಿಂತಿತು. ಸುಳ್ಳು ಹೇಳಿದರೆ ಮಗಳು ಇನ್ನು ನಂಬುವುದಿಲ್ಲ. ನಿಜ ಹೇಳಿದರೆ ನಾಳೆ ಗದ್ದೆಗೆ ಬರುವುದಿಲ್ಲ.

“ನಾನೇ ಹೊಲ್ದದ್ ಹೆಣೆ. ಅವ ಬಪ್ಪುದ್ ಕೊಡೂಕಲ್ಲ, ನಮ್ದ್ ಊಟ ಆಯ್ತಾ ಅಂತ ಕಾಂಬುಕೆ.”

ಗುಲಾಬಿ ಲಂಗ ತೆಗೆದುಕೊಂಡಳು. ಮರುದಿನ ಸಂಜೆ ಗದ್ದೆಯಲ್ಲಿ ಅವಳ ಸ್ವರವೇ ಎಲ್ಲರಿಗಿಂತ ಜೋರು, ಪಕ್ಕದಲ್ಲೇ ನಿಂತಿದ್ದ ನನಗೆ ಅದಿನ್ನೂ ಕೇಳಿಸುತ್ತದೆ:

“ಹ್ವಾಯ್ ಬಲೀಂದ್ರಾ, ನಮ್ದ್ ಊಟ ಆಯ್ತ್!”