ಮುಖ್ಯ ಅತಿಥಿ ಗ್ಲೌಸ್ ತಂದಿದ್ದರು

ನೈರೋಬಿ ಪೇಟೆಯ ನಡುಮಧ್ಯದ ತಮ್ಮ ಟೈಲ್ಸ್ ಅಂಗಡಿಯಲ್ಲಿ ಮೇಲಿನ ಸಾಲಿನ ಟೈಲೊಂದು ಜಾರಿದಾಗ, ಶೆನ್ ಗುವೊಲಿಯಾಂಗ್ ಗಿರಾಕಿಯೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡುತ್ತಲೇ ಎಡಕ್ಕೆ ಬಾಗಿ ಅದನ್ನು ಹಿಡಿದುಬಿಟ್ಟರು. ಗಿರಾಕಿ ಲಾರೆನ್ಸ್, ಮಂಗಳೂರಿನಿಂದ ಬಂದು ಇಲ್ಲೇ ನೆಲೆಸಿದ ಕೆಮಿಸ್ಟ್ರಿ ಮೇಷ್ಟ್ರು, ಬಚ್ಚಲುಮನೆಯ ಅಳತೆಯನ್ನೇ ಮರೆತರು.

"ನೀವು ಗೋಲ್‌ಕೀಪರ್ ಆಗಿದ್ರಾ?"

"ಆಗಿದ್ದೆ. ಚೀನಾದಲ್ಲಿ, ಹನ್ನೊಂದು ಸೀಸನ್."

"ಹಾಗಾದ್ರೆ ಭಾನುವಾರ ಲಂಗಾಟಾ ಮೈದಾನಕ್ಕೆ ಬರ್ಲೇಬೇಕು. ನಮ್ಮ ಕನ್ನಡದವರ ಮ್ಯಾಚುಂಟು."

ಶೆನ್ ಹೇಳದೆ ಬಿಟ್ಟದ್ದೂ ಒಂದಿತ್ತು. ಕಲ್ಲಿದ್ದಲಿನ ಊರಾದ ಫುಶುನ್‌ನಲ್ಲಿ ಹುಟ್ಟಿದ ಅವರನ್ನು, ಕೈ ಉದ್ದವೆಂಬ ಕಾರಣಕ್ಕೆ ಕ್ರೀಡಾಶಾಲೆಗೆ ಸೇರಿಸಿದ್ದರು. ಅಲ್ಲಿಂದ ಎರಡನೇ ದರ್ಜೆಯ ಕ್ಲಬ್ಬಿಗೆ ಹೋದರು. ಅಲ್ಲೂ ಎರಡನೇ ಗೋಲ್‌ಕೀಪರ್. ಮೊದಲನೆಯವನಿಗೆ ಜ್ವರ ಬರಲಿಲ್ಲ, ಬೆರಳು ಮುರಿಯಲಿಲ್ಲ, ರೆಡ್ ಕಾರ್ಡೂ ಸಿಗಲಿಲ್ಲ. ಪಂದ್ಯಕ್ಕೆ ಮುಂಚೆ ಉಳಿದವರು ಮೈ ಬಿಸಿಮಾಡಿಕೊಳ್ಳಲು ಒದ್ದ ಚೆಂಡುಗಳನ್ನೆಲ್ಲ ತಡೆದು, ಸೀಟಿ ಊದುವ ಹೊತ್ತಿಗೆ ಬೆಂಚಿಗೆ ಹೋಗಿ ಕೂರುವುದೇ ಶೆನ್ ಕೆಲಸವಾಯಿತು. ಕ್ಲಬ್ಬು ಮುಚ್ಚಿದ ಮೇಲೆ ರಸ್ತೆ ಕಂಪನಿಯೊಂದರ ಗೋದಾಮು ನೋಡಿಕೊಳ್ಳಲು ನೈರೋಬಿಯ ಎಂಬಕಸಿ ಬಡಾವಣೆಗೆ ಬಂದರು. ಕಂಪನಿ ಗಂಟುಮೂಟೆ ಕಟ್ಟಿತು. ಅವರು ಉಳಿದು ಅಂಗಡಿ ತೆರೆದರು. ನಿಜವಾದ ಒಂದು ಪಂದ್ಯದಲ್ಲಿ ಗೋಲು ಕಾಯಬೇಕೆಂಬ ಆಸೆ ಮಾತ್ರ ಐವತ್ತು ದಾಟಿದರೂ ಹೋಗಿರಲಿಲ್ಲ. ಶನಿವಾರ ಹೊಸ ಗ್ಲೌಸ್ ಕೊಂಡರು.

ಆದರೆ ಹಿರಿಯರೊಬ್ಬರನ್ನು 'ಬರ್ಲೇಬೇಕು' ಎಂದು ಕರೆದ ಮೇಲೆ ಶಾಲು ಹೊದಿಸದೆ ಬಿಡುವಂಥದ್ದಲ್ಲ ಅಲ್ಲಿನ ಕನ್ನಡ ಸಂಘ. ಭಾನುವಾರ ಶೆನ್ ಕಾರಿನಿಂದ ಇಳಿಯುತ್ತಿದ್ದಂತೆ ಕಾರ್ಯದರ್ಶಿ ಅಂಬುಜಾ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈದಾನದ ಅಂಚಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಮತ್ತೆ ಬೆಂಚು!

ಮಂಗಳೂರು ಕಡೆಯವರಿಗೂ ಬೆಂಗಳೂರು ಕಡೆಯವರಿಗೂ ಪಂದ್ಯ. ಬೆಂಗಳೂರಿನ ಗೋಲ್‌ಕೀಪರ್ ವೈಭವ್, ಟೆಲಿಕಾಂ ಕಂಪನಿಯ ಎಂಜಿನಿಯರ್. ಅರ್ಧ ಆಟಕ್ಕೇ ನಾಲ್ಕು ಗೋಲು ಬಿಟ್ಟುಕೊಟ್ಟ.

"ಏಯ್ ವೈಭವ್, ಅಲ್ಲಿ ಸಿಗ್ನಲ್ ಸಿಗ್ತಿಲ್ವೇನೋ!" ಎಂದು ಯಾರೋ ಕೂಗಿದರು.

ವಿರಾಮದಲ್ಲಿ ಶೆನ್ ಎದ್ದು, ಪೇಟ ತೆಗೆದು ಅಂಬುಜಾ ಕೈಗಿಟ್ಟರು. "ನಾನು ಆಡ್ತೀನಿ."

"ಅಯ್ಯೋ, ಬೇಡ ಸರ್! ಚೀಫ್ ಗೆಸ್ಟನ್ನ ಯಾರಾದ್ರೂ ಓಡಿಸ್ತಾರಾ? ಕೂತ್ಕೊಳ್ಳಿ, ಕಾಫಿ ಬರ್ತಿದೆ."

ಶೆನ್ ಜಾಕೆಟ್ಟಿನ ಜೇಬಿನಿಂದ ಗ್ಲೌಸ್ ತೆಗೆದರು.

"ಅಕ್ಕಾ, ಪ್ಲೀಸ್, ಬಿಡಿ ಅವರನ್ನ," ಎಂದ ವೈಭವ್. "ಕಾಫಿ ನಾನು ಕುಡಿತೀನಿ."

ಆಟ ಮತ್ತೆ ಶುರುವಾಯಿತು. ಲಾರೆನ್ಸ್‌ಗೆ ಗೋಲಿನ ಮುಂದೆ ಶೆನ್ ಒಬ್ಬರೇ ಸಿಕ್ಕರು. ಆದರೂ ಚೆಂಡನ್ನು ಮೆಲ್ಲಗೆ, ತಾಂಬೂಲ ಕೊಟ್ಟಷ್ಟು ನಯವಾಗಿ, ಶೆನ್ ಕೈಗೇ ಉರುಳಿಸಿದರು. ಲಾರೆನ್ಸ್ ಜೊತೆಗಾರ ರಾಯ್ಸ್ಟನ್ನದೂ ಅದೇ ವಿನಯ. ಮೂರನೇ ಸಲವೂ ಹಾಗೇ ಆದಾಗ ಶೆನ್ ಚೆಂಡು ಹಿಡಿದುಕೊಂಡು ಲಾರೆನ್ಸ್ ಹತ್ತಿರ ನಡೆದರು.

"ನಂಗೆ ಮರ್ಯಾದೆ ಕೊಡ್ತಿದ್ದೀರಾ?"

"ಅಲ್ಲ... ನೀವು ಅತಿಥಿ ಅಲ್ವಾ?"

"ಹನ್ನೊಂದು ಸೀಸನ್ ಪ್ರಾಕ್ಟೀಸಿನಲ್ಲೇ ಚೆಂಡು ಹಿಡಿದೆ. ಮ್ಯಾಚಿನಲ್ಲಿ ಒಂದೂ ಇಲ್ಲ. ಇದೂ ಪ್ರಾಕ್ಟೀಸೇ ಆದ್ರೆ ಈಗಲೇ ಹೇಳಿ, ಹೋಗಿ ಕೂತ್ಕೊಳ್ತೀನಿ."

"ಹೊಡೀತೇನೆ ಮಾರ್ರೆ," ಎಂದರು ಲಾರೆನ್ಸ್, ಇಂಗ್ಲಿಷ್ ಮರೆತು ಕನ್ನಡದಲ್ಲೇ.

ಮುಂದಿನ ಸಲ ಚೆಂಡು ಸಿಕ್ಕಾಗ ಹೊಡೆದರು. ಶೆನ್ ಸರಿಯಾದ ದಿಕ್ಕಿಗೇ ಹಾರಿದರು, ಆದರೆ ತುಸು ತಡವಾಗಿ. ಚೆಂಡು ಬಲೆಗೆ ಬಡಿಯಿತು.

"ಲಾರೆನ್ಸ್! ನಾಚಿಕೆ ಆಗಲ್ವಾ ನಿಮ್ಗೆ?" ಅಂಚಿನಿಂದ ಅಂಬುಜಾ ಸಿಡಿದರು.

ಶೆನ್ ಮೊಣಕಾಲಿನ ಕೆಂಪು ಮಣ್ಣು ಕೊಡವಿಕೊಂಡು ಎದ್ದರು. ಚೆಂಡನ್ನು ಮಧ್ಯಕ್ಕೆ ಎಸೆದು, ಲಾರೆನ್ಸ್‌ರನ್ನು ತಡೆಯದೆ ಸುಮ್ಮನೆ ನಿಂತಿದ್ದ ಬೆಂಗಳೂರಿನ ಹುಡುಗರಿಗೆ ಚೀನೀ ಭಾಷೆಯಲ್ಲಿ ಗಂಟಲು ಹರಿಯುವಂತೆ ಬೈದರು. ಯಾರಿಗೂ ಒಂದು ಪದ ಅರ್ಥವಾಗಲಿಲ್ಲ. ಎಲ್ಲರೂ ಓಡಿಹೋಗಿ ತಂತಮ್ಮ ಜಾಗದಲ್ಲಿ ನಿಂತರು.