ಎರಡು ತಿಂಗಳ ಮರಿಯ ತೂಕ

ಸ್ನೇಹಿತರೇ, ಬೇಗೂರಿನ ನಮ್ಮ ಬಾಡಿಗೆ ಮನೆಗಳ ಹಿಂದೆ ನಾನು ಎಂಟು ಮೇಕೆ ಸಾಕಿದ್ದೇನೆ. ನೋಡಿಕೊಳ್ಳುವವರು ಬಾಡಿಗೆಗಿರುವ ರಾಯಚೂರಿನ ಬಸಮ್ಮ. ಇವತ್ತು ಬೆಳಿಗ್ಗೆ ಮರಿಗಳನ್ನು ಗೋಣಿಚೀಲದಲ್ಲಿ ಕೂರಿಸಿ ತಕ್ಕಡಿಗೆ ನೇತುಹಾಕಿದೆವು. ಬೇರೆ ಬೇರೆ ತಾಯಿಗಳಿಗೆ ಒಂದೇ ವಾರದಲ್ಲಿ ಹುಟ್ಟಿದ ಎರಡು ಮರಿಗಳಲ್ಲಿ ಒಂದು ಹನ್ನೊಂದು ಕೆಜಿ, ಇನ್ನೊಂದು ಆರೂವರೆ. ತಳಿ ಒಂದೇ, ಸೊಪ್ಪು ಒಂದೇ, ಕೊಟ್ಟಿಗೆಯೂ ಒಂದೇ.

"ಇದು ಬೆಳೆಯೋ ಮರಿ ಅಲ್ಲ ಬಸಮ್ಮ. ಭಾನುವಾರ ಮಟನ್ ಅಂಗಡಿಗೆ ಕೊಟ್ಬಿಡೋಣ," ಎಂದೆ.

ಬಸಮ್ಮ ಮರಿಯನ್ನು ಚೀಲದಿಂದ ತೆಗೆದು ಮಡಿಲಲ್ಲಿ ಕೂರಿಸಿಕೊಂಡರು. "ಇದು ಅವಳಿ ಐತ್ರಿ ಅಣ್ಣಾರ. ತಾಯಿಗೂ ಚೊಚ್ಚಲ. ಇರೋ ಹಾಲು ಹಂಚಿಕೊಂಡು ಕುಡೀಬೇಕು."

"ಇಬ್ಬರು ಹಂಚಿಕೊಂಡ್ರೂ ಇಷ್ಟು ಕಮ್ಮಿನಾ?"

"ಇಬ್ಬರಲ್ಲ, ಮೂರು ಮಂದಿ. ದಿನಾ ಮುಂಜಾನಿ ನಿಮ್ಮ ಚಾಕ್ಕ ಇದರ ತಾಯಿ ಹಾಲೇ ಕರಿತೀನಲ್ರಿ. ಕಮ್ಮಿ ಬಿದ್ದ ತೂಕ ಎಲ್ಲಿ ಹೋತು ನೋಡಬೇಕಂದ್ರ, ನೀವೊಮ್ಮೆ ತಕ್ಕಡಿ ಹತ್ರಿ."

ಮರಿ ಮಾರುವ ಮಾತನ್ನು ಅಲ್ಲಿಗೇ ಬಿಟ್ಟೆ. ಸಂಜೆ ಹಾಲಿಲ್ಲದ ಟೀ ಕುಡಿಯುತ್ತಾ ಮೇಕೆಗಳ ಲೆಕ್ಕ ಬರೆದಿಡುವ ನನ್ನ ಪುಸ್ತಕ ತೆರೆದೆ. ಮರಿ ಬೆಳೆಯದಿರಲು ಕಾರಣಗಳೆಂದು ತಳಿ, ಮೇವು, ಜಂತುಹುಳು ಎಲ್ಲ ಬರೆದಿಟ್ಟಿದ್ದೆ. ಅವುಗಳ ಕೆಳಗೆ ಇವತ್ತು 'ಮಾಲೀಕ' ಎಂದು ಸೇರಿಸಿದೆ.